ಫಿಲ್ಟರ್ ನೀರು ಎಷ್ಟು ಕುಡಿದರೂ ದಾಹ ತೀರಲ್ಲ ಅಂತಾರೆ, ನಿಜಾನಾ?

ಚಳ್ಳಕೆರೆ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆ ಮೇಷ್ಟ್ರು ನಾನು. ಊರಲ್ಲಿ ಶುದ್ಧ ನೀರಿನ ಘಟಕ ಇದೆ, ಆರ್‌ಒ (ತೆಳು ಪೊರೆಯ ಮೂಲಕ ನೀರು ದಾಟಿಸಿ ಲವಣ ತೆಗೆಯುವ) ಫಿಲ್ಟರ್‌ನದು. ಐದು ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ. ಆದರೂ ತುಂಬಾ ಮನೆಗಳಲ್ಲಿ ಇವತ್ತಿಗೂ ಬೋರ್ ನೀರನ್ನೇ ಕುಡಿಯುತ್ತಾರೆ. ದುಡ್ಡಿನ ಕಾರಣಕ್ಕಲ್ಲ. ಹಿರಿಯರು ಹೇಳುವುದು ಹೀಗೆ: "ಫಿಲ್ಟರ್ ನೀರು ಬರೀ ಸಪ್ಪೆ ಮೇಷ್ಟ್ರೇ. ಎಷ್ಟು ಕುಡಿದರೂ ದಾಹ ತೀರಲ್ಲ. ಹೊಟ್ಟೇಲಿ ನಿಲ್ಲಲ್ಲ, ಹಂಗೇ ಹೋಗುತ್ತೆ. ಅದರಲ್ಲಿ ಸತ್ವಾನೇ ಇಲ್ಲ." ಹೊಲಕ್ಕೆ ಹೋಗುವವರಂತೂ ಬೋರ್ ನೀರು ಕುಡಿದರೇನೇ ಮೈಯಲ್ಲಿ ಕಸುವು ಅನ್ನುತ್ತಾರೆ.

ನನ್ನ ಚಿಂತೆ ಬೇರೆ. ತರಗತಿಯಲ್ಲಿ ಮುಂದಿನ ಸಾಲಲ್ಲಿ ಒಬ್ಬಳು ಹುಡುಗಿ ಕೂರುತ್ತಾಳೆ. ನಗುವಾಗೆಲ್ಲ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಮೇಲಿನ ಎರಡು ಮುಂದಿನ ಹಲ್ಲಿನ ಮೇಲೆ ಸುಣ್ಣದ ಬಣ್ಣದ ಮಚ್ಚೆ, ಅದರ ನಡುವೆ ಅಡ್ಡಕ್ಕೆ ಕಂದು ಗೆರೆ. ಉಜ್ಜಿದರೆ ಹೋಗುವ ಕರೆ ಅಲ್ಲ ಅದು. ಅವಳೊಬ್ಬಳೇ ಅಲ್ಲ, ಇನ್ನೂ ಎಷ್ಟೋ ಮಕ್ಕಳಿಗಿದೆ. ಬೋರ್ ನೀರಲ್ಲಿ ಕರಗಿರುವ ಫ್ಲೋರೈಡ್‌ನಿಂದ ಹೀಗಾಗುತ್ತದೆ ಅಂತಾರೆ.

ಮನೆಮನೆಗೆ ಹೋಗಿ ಫಿಲ್ಟರ್ ನೀರು ಕೊಡಿ ಅಂತ ಹೇಳಬೇಕು ಅಂದುಕೊಂಡಿದ್ದೇನೆ. ಆದರೆ "ಅದರಲ್ಲಿ ಸತ್ವ ಇಲ್ಲ" ಅಂದರೆ ಏನು ಉತ್ತರ ಕೊಡಲಿ? ನೀರಿನ ಖನಿಜಕ್ಕೂ ದಾಹಕ್ಕೂ ನಿಜವಾಗಿ ಸಂಬಂಧ ಇದೆಯಾ? ತಿಳಿದವರು ದಯವಿಟ್ಟು ಹೇಳಿ.

ಹಿರಿಯೂರು ತೋಟ:

ಮೇಷ್ಟ್ರೇ, ಹಿರಿಯರು ಹೇಳೋದ್ರಲ್ಲಿ ಸತ್ಯ ಇದೆ. ತೋಟದಲ್ಲಿ ಕೆಲಸ ಮಾಡುವಾಗ ಕ್ಯಾನ್ ನೀರು ಕುಡಿದರೆ ಅರ್ಧ ಗಂಟೆಗೆ ಮತ್ತೆ ಬಾಯಿ ಒಣಗುತ್ತದೆ. ಬೋರ್ ನೀರು ಒಂದು ಚೊಂಬು ಕುಡಿದರೆ ಸಾಕು. ನಮ್ಮ ಅಜ್ಜ ಕಾಲದಿಂದ ಭೂಮಿಯ ನೀರನ್ನೇ ಕುಡಿದು ಬೆಳೆದವರು ನಾವು.

ನೀರಿನ ಲ್ಯಾಬ್, ಚಿತ್ರದುರ್ಗ:

ಮೇಷ್ಟ್ರೇ, ಒಳ್ಳೆ ಪ್ರಶ್ನೆ ಕೇಳಿದ್ದೀರಿ. ನನಗೆ ನೀರಿನ ಪರೀಕ್ಷೆಯೇ ಕೆಲಸ, ಆದ್ದರಿಂದ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲು ದಾಹದ ಮಾತು. ನಾವು ಕುಡಿದ ನೀರು ರಕ್ತಕ್ಕೆ ಸೇರುವುದು ಮುಖ್ಯವಾಗಿ ಸಣ್ಣ ಕರುಳಿನಲ್ಲಿ. ಅಲ್ಲಿ ಉಪ್ಪಿನಲ್ಲಿರುವ ಸೋಡಿಯಂ ಒಳಗೆ ಹೋದರೆ ಅದರ ಹಿಂದೆ ನೀರು ಹೋಗುತ್ತದೆ. ಸೋಡಿಯಂ ಜೊತೆ ಗ್ಲೂಕೋಸ್ ಇದ್ದರೆ ಇನ್ನೂ ಬೇಗ. ಓಆರ್‌ಎಸ್ (ಭೇದಿಯಾದಾಗ ಕುಡಿಸುವ ಉಪ್ಪು, ಸಕ್ಕರೆಯ ದ್ರಾವಣ) ಕೆಲಸ ಮಾಡುವುದೇ ಹೀಗೆ. ಉಪ್ಪಿದ್ದರೆ ನೀರು ಮೈಯಲ್ಲಿ ನಿಲ್ಲುತ್ತದೆ. ಹಾಗಾಗಿ "ಫಿಲ್ಟರ್ ನೀರು ಹೊಟ್ಟೇಲಿ ನಿಲ್ಲಲ್ಲ" ಅನ್ನುವ ಹಿರಿಯರ ಮಾತಿಗೆ ಬುಡ ಇದೆ. ಬ್ರಿಟನ್‌ನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೇರೆ ಬೇರೆ ಪಾನೀಯ ಕುಡಿಸಿ ಮೂತ್ರ ಅಳೆದರು. ಸಾದಾ ನೀರಿಗಿಂತ ಹಾಲು, ಓಆರ್‌ಎಸ್ ಜಾಸ್ತಿ ಹೊತ್ತು ದೇಹದಲ್ಲಿ ಉಳಿದವು.

ಆದರೆ ಪ್ರಮಾಣ ನೋಡಿ. ಒಂದು ಲೀಟರ್ ಬೆವರಿನಲ್ಲಿ ಸರಾಸರಿ ಒಂದು ಗ್ರಾಂ ಹತ್ತಿರ ಸೋಡಿಯಂ ಹೋಗುತ್ತದೆ. ಅಂದರೆ ಸುಮಾರು ಎರಡೂವರೆ ಗ್ರಾಂ ಉಪ್ಪು, ಅರ್ಧ ಟೀ ಚಮಚ. ಒಬ್ಬೊಬ್ಬರಿಗೆ ಇದು ಹೆಚ್ಚು ಕಡಿಮೆ ಆಗುತ್ತದೆ. ಈಗ ನಿಮ್ಮ ಬೋರ್ ನೀರಿನ ಒಂದು ಲೀಟರ್‌ನಲ್ಲಿ 100 ಮಿಲಿಗ್ರಾಂ ಸೋಡಿಯಂ ಇದೆ ಅಂತಿಟ್ಟುಕೊಳ್ಳಿ. ಒಂದು ಲೀಟರ್ ಬೆವರಿನ ಉಪ್ಪನ್ನು ಆ ನೀರಿನಿಂದಲೇ ತುಂಬಿಸಬೇಕಾದರೆ ಹತ್ತು ಲೀಟರ್ ಕುಡಿಯಬೇಕು. ಆಗದ ಮಾತು. ಆ ಉಪ್ಪು ಬರುವುದು ಸಾರಿನಿಂದ, ಉಪ್ಪಿನಕಾಯಿಯಿಂದ, ಮಜ್ಜಿಗೆಯಿಂದ. ನೀರಿನಿಂದಲ್ಲ.

ಹಾಗಾದರೆ ಬೋರ್ ನೀರು ಕುಡಿದರೆ ತೃಪ್ತಿ ಯಾಕೆ? ರುಚಿಯ ಅಭ್ಯಾಸ. ಹುಟ್ಟಿದಾಗಿನಿಂದ ಖನಿಜ ಜಾಸ್ತಿ ಇರುವ ನೀರು ಕುಡಿದ ನಾಲಿಗೆಗೆ ಫಿಲ್ಟರ್ ನೀರು ಚಪ್ಪೆ ಅನಿಸುತ್ತದೆ. ಕೆಲವು ವಾರ ಕುಡಿದರೆ ಅದೇ ರೂಢಿಯಾಗುತ್ತದೆ. ಆಮೇಲೆ ಹಳೇ ಬೋರ್ ನೀರೇ ಉಪ್ಪು ಅನಿಸುತ್ತದೆ.

ಇನ್ನು ಸತ್ವದ ಮಾತು. ನಮ್ಮ ಕಡೆ ಬೋರ್ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವುದು ನಿಜ. ಜೊತೆಗೆ ಫ್ಲೋರೈಡ್ ಕೂಡ ಇರುತ್ತದೆ. ನಮ್ಮ ನೆಲದಡಿ ಇರುವುದು ಗ್ರಾನೈಟ್, ನೈಸ್‌ನಂಥ ಹಳೇ ಗಟ್ಟಿ ಕಲ್ಲು. ಮಳೆ ಕಡಿಮೆ. ಬೋರ್ ಆಳಕ್ಕೆ ಹೋದಷ್ಟೂ ನೀರು ಆ ಕಲ್ಲಿನ ಜೊತೆ ಜಾಸ್ತಿ ಕಾಲ ಇದ್ದು ಬಂದಿರುತ್ತದೆ. ಕಲ್ಲಿನ ಫ್ಲೋರೈಡ್ ಕರಗಿ ನೀರಿಗೆ ಸೇರುತ್ತದೆ. ಭಾರತೀಯ ಮಾನಕದ ಪ್ರಕಾರ ಲೀಟರ್‌ಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲ ಅಂದಾಗ 1.5 ತನಕ ಒಪ್ಪಬಹುದು. ಅದಕ್ಕಿಂತ ಜಾಸ್ತಿ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲು ಕೆಡುತ್ತದೆ. ಪ್ರಮಾಣ ಇನ್ನೂ ಜಾಸ್ತಿ ಇದ್ದರೆ ದೊಡ್ಡವರ ಸೊಂಟ, ಮಂಡಿ, ಕುತ್ತಿಗೆ ಬಿಗಿಯುತ್ತದೆ.

ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡುವ ವಿಷಯ ಇದು. ನೆರಳಲ್ಲಿ ಕೂತು ಕೆಲಸ ಮಾಡುವವನು ದಿನಕ್ಕೆ ಎರಡು ಲೀಟರ್ ಕುಡಿಯುತ್ತಾನೆ. ಹೊಲದಲ್ಲಿ ದುಡಿಯುವವನು ಐದು ಲೀಟರ್ ಕುಡಿಯುತ್ತಾನೆ. ನೀರಲ್ಲಿ ಫ್ಲೋರೈಡ್ 2 ಮಿಲಿಗ್ರಾಂ ಇದ್ದರೆ ಮೊದಲನೆಯವನ ಹೊಟ್ಟೆಗೆ 4 ಮಿಲಿಗ್ರಾಂ, ಎರಡನೆಯವನ ಹೊಟ್ಟೆಗೆ 10. ಬಿಸಿಲಿನ ಊರಲ್ಲಿ ಯಾರಿಗೆ ನೀರು ಜಾಸ್ತಿ ಬೇಕೋ ಅವರಿಗೇ ಪೆಟ್ಟು ಜಾಸ್ತಿ.

ಜಗಳೂರು ಹುಡುಗ:

ನನ್ನ ಹತ್ತಿರ ಟಿಡಿಎಸ್ ಮೀಟರ್ ಇದೆ ಸರ್. ನಮ್ಮ ಬೋರ್ ನೀರು 640 ತೋರಿಸುತ್ತದೆ. ಘಟಕದ ನೀರು 45. ಪಕ್ಕದ ಊರಿನ ಬೋರ್ 1100. ನಮ್ಮದು ಅವರಿಗಿಂತ ಒಳ್ಳೇದು ಅಲ್ವಾ? ಕುಡಿಯೋಕೂ ಸಿಹಿಯಾಗಿದೆ.

ನೀರಿನ ಲ್ಯಾಬ್, ಚಿತ್ರದುರ್ಗ:

ತಮ್ಮಾ, ಮೀಟರ್ ಹೇಳುವುದು ಒಟ್ಟು ಎಷ್ಟು ಲವಣ ಕರಗಿದೆ ಅನ್ನುವುದನ್ನು ಮಾತ್ರ. ಅದೂ ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ನೋಡಿ ಅಂದಾಜು ಮಾಡುತ್ತದೆ. 640ರಲ್ಲಿ ಕ್ಯಾಲ್ಸಿಯಂ ಎಷ್ಟು, ನೈಟ್ರೇಟ್ ಎಷ್ಟು, ಫ್ಲೋರೈಡ್ ಎಷ್ಟು ಅಂತ ಅದಕ್ಕೆ ಗೊತ್ತಾಗಲ್ಲ. ಫ್ಲೋರೈಡ್ 1 ಇದ್ದರೂ 3 ಇದ್ದರೂ ಮೀಟರ್‌ನಲ್ಲಿ ಕಾಣುವ ವ್ಯತ್ಯಾಸ ಏನೂ ಇಲ್ಲ. ರೋಗಾಣುಗಳಂತೂ ಅದಕ್ಕೆ ಕಾಣುವುದೇ ಇಲ್ಲ.

ಇನ್ನೊಂದು ವಿಷಯ ಗಮನ ಇಟ್ಟು ಓದು. ಕ್ಯಾಲ್ಸಿಯಂ ಜಾಸ್ತಿ ಇರುವ ಗಡಸು ನೀರಲ್ಲಿ ಫ್ಲೋರೈಡ್ ಒಂದು ಮಟ್ಟಕ್ಕಿಂತ ಮೇಲೆ ಏರುವುದು ಕಷ್ಟ. ಎರಡೂ ಸೇರಿ ಗಟ್ಟಿಯಾಗಿ ಕೆಳಗೆ ಕೂತುಬಿಡುತ್ತವೆ. ಕ್ಯಾಲ್ಸಿಯಂ ಕಡಿಮೆ ಇದ್ದು ಬೈಕಾರ್ಬನೇಟ್ ಜಾಸ್ತಿ ಇರುವ ನೀರಲ್ಲಿ ಫ್ಲೋರೈಡ್ ಸರಾಗವಾಗಿ ಏರುತ್ತದೆ. ಅಂಥ ನೀರಲ್ಲಿ ಸೋಪು ಚೆನ್ನಾಗಿ ನೊರೆ ಬರುತ್ತದೆ, ಬೇಳೆ ಬೇಗ ಬೇಯುತ್ತದೆ, ಬಾಯಿಗೂ ಹಿತವಾಗಿರುತ್ತದೆ. ಊರವರು ಸಿಹಿ ನೀರು ಅಂತ ದೂರದಿಂದ ಬಂದು ಕೊಡ ತುಂಬಿಸಿಕೊಂಡು ಹೋಗುತ್ತಾರೆ. ಅದರಲ್ಲೇ ಫ್ಲೋರೈಡ್ ಇರಬಹುದು. ಫ್ಲೋರೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ನಾಲಿಗೆಯನ್ನು ನಂಬಬೇಡ, ಪರೀಕ್ಷೆ ಮಾಡಿಸು.

ಹರಿಹರದ ಅಕ್ಕ:

ಹಾಗಾದರೆ ಕುದಿಸಿ ಆರಿಸಿ ಕುಡಿದರೆ ಫ್ಲೋರೈಡ್ ಹೋಗಲ್ವಾ ಸರ್? ನಾವು ನದಿ ನೀರಿನವರು, ಆದರೆ ನನ್ನ ತವರು ಮೊಳಕಾಲ್ಮೂರು ಕಡೆ.

ನೀರಿನ ಲ್ಯಾಬ್, ಚಿತ್ರದುರ್ಗ:

ಹೋಗಲ್ಲ ಅಕ್ಕ. ಕುದಿಸಿದರೆ ಆವಿಯಾಗಿ ಹೋಗುವುದು ನೀರು ಮಾತ್ರ, ಫ್ಲೋರೈಡ್ ಉಳಿದ ನೀರಲ್ಲೇ ಇರುತ್ತದೆ. ನೈಟ್ರೇಟ್ ಕಥೆಯೂ ಅದೇ. ರೋಗಾಣು ಸಾಯಿಸುವುದಕ್ಕೆ ಕುದಿಸುವುದು ಅತ್ಯುತ್ತಮ. ಒಂದಿಷ್ಟು ಗಡಸುತನವೂ ಕಡಿಮೆಯಾಗುತ್ತದೆ. ಪಾತ್ರೆ ತಳದಲ್ಲಿ ಬಿಳಿ ಪುಡಿ ಕೂರುತ್ತದಲ್ಲ, ಅದೇ ಆ ಕ್ಯಾಲ್ಸಿಯಂ.

ದಾವಣಗೆರೆ ಗೃಹಿಣಿ:

ನಮ್ಮ ಮನೆಗೆ ಒಬ್ಬರು ಮೆಷಿನ್ ಮಾರೋಕೆ ಬಂದಿದ್ದರು. ನಮ್ಮ ನಲ್ಲಿ ನೀರು ಒಂದು ಗ್ಲಾಸಿಗೆ, ಅವರ ಮೆಷಿನ್ ನೀರು ಇನ್ನೊಂದಕ್ಕೆ ಹಾಕಿದರು. ಎರಡಕ್ಕೂ ಕಡ್ಡಿ ಇರುವ ಒಂದು ಪ್ಲಗ್ ಇಟ್ಟು ಕರೆಂಟ್ ಕೊಟ್ಟರು. ನೋಡನೋಡುತ್ತ ನಲ್ಲಿ ನೀರು ಹಳದಿ ಆಯಿತು, ಆಮೇಲೆ ಕಂದು, ಮೇಲೆ ಕಪ್ಪು ಕಪ್ಪು ಚೂರು ತೇಲಿತು. ಅವರ ನೀರು ತಿಳಿಯಾಗೇ ಇತ್ತು. "ನೋಡಿ ಅಮ್ಮಾ, ಇದನ್ನೇ ಮಕ್ಕಳಿಗೆ ಕುಡಿಸ್ತಾ ಇದ್ದೀರಿ" ಅಂದರು. ಅತ್ತೆಗೆ ರಾತ್ರಿಯೆಲ್ಲಾ ನಿದ್ದೆ ಬರಲಿಲ್ಲ. ಅಷ್ಟು ಕೊಳೆ ನಿಜವಾಗಿ ಇದೆಯಾ?

ಆರ್‌ಒ ಸರ್ವಿಸ್, ದಾವಣಗೆರೆ:

ಮೇಡಂ, ಆ ಬಣ್ಣ ನಿಮ್ಮ ನೀರಿನದ್ದಲ್ಲ, ಆ ಕಡ್ಡಿಯದ್ದು. ಒಂದು ಕಡ್ಡಿ ಕಬ್ಬಿಣ. ಲವಣ ಇರುವ ನೀರಲ್ಲಿ ಕರೆಂಟ್ ಹರಿಯುತ್ತದೆ, ಕಬ್ಬಿಣ ಕರಗಿ ತುಕ್ಕಾಗುತ್ತದೆ. ಆರ್‌ಒ ನೀರಲ್ಲಿ ಲವಣ ತೀರಾ ಕಡಿಮೆ, ಕರೆಂಟ್ ಹೆಚ್ಚು ಹರಿಯಲ್ಲ, ಕಡ್ಡಿ ಅಷ್ಟಾಗಿ ಕರಗಲ್ಲ. ಮತ್ತೆ ಬಂದರೆ ಅವರ ಮೆಷಿನ್ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ ಅದೇ ಆಟ ಆಡಿಸಿ. ಅದೂ ಕಂದಾಗುತ್ತದೆ. ನಾನು ಈ ಕಸುಬಿನಲ್ಲೇ ಇರುವವನು. ಜನರನ್ನು ಹೀಗೆ ಹೆದರಿಸಿ ಮಾರುವುದು ನೋಡಿದರೆ ಬೇಜಾರಾಗುತ್ತದೆ.

ದಾವಣಗೆರೆ ಸಿಟಿಗೆ ಬರುವುದು ತುಂಗಭದ್ರಾ ನೀರು, ಭದ್ರಾ ಕಾಲುವೆ ನೀರು. ಕುಂದವಾಡ ಕೆರೆಯಲ್ಲಿ ಶೇಖರಿಸಿಡುತ್ತಾರೆ. ನದಿ ನೀರಲ್ಲಿ ಲವಣ ಕಡಿಮೆ. ಅಲ್ಲಿ ಹೆದರಬೇಕಾದದ್ದು ರೋಗಾಣುಗಳಿಗೆ. ಯುವಿ (ಅತಿನೇರಳೆ ಬೆಳಕಿನಿಂದ ರೋಗಾಣು ಕೊಲ್ಲುವ) ಫಿಲ್ಟರ್ ಸಾಕು, ಇಲ್ಲ ಕುದಿಸಿದರೂ ಸಾಕು. ಅಂಥ ನೀರಿಗೆ ಆರ್‌ಒ ಹಾಕಿದರೆ ಒಂದು ಲೀಟರ್ ಪಡೆಯಲು ಎರಡು ಮೂರು ಲೀಟರ್ ಚರಂಡಿಗೆ ಬಿಡುತ್ತೀರಿ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬಳಸಬಾರದು ಅಂತ 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿದ್ದೂ ಇದೇ ಕಾರಣಕ್ಕೆ. ಮನೆಗೆ ಬೋರ್ ನೀರು ಬರುವ ಬಡಾವಣೆಗಳ ಲೆಕ್ಕ ಬೇರೆ.

ಬೋರ್ ನೀರಿನವರಿಗೆ ಒಂದು ಎಚ್ಚರಿಕೆ. ಮೆಷಿನ್ ಒಳಗೆ ಟಿಡಿಎಸ್ ಕಂಟ್ರೋಲರ್ ಅಂತ ಒಂದು ಸಣ್ಣ ಸ್ಕ್ರೂ ಇರುತ್ತದೆ. "ನೀರು ಸಪ್ಪೆ" ಅಂತ ಗ್ರಾಹಕರು ಕಂಪ್ಲೇಂಟ್ ಮಾಡಿದರೆ ಕೆಲವು ಮೆಕ್ಯಾನಿಕ್‌ಗಳು ಅದನ್ನು ತಿರುಗಿಸುತ್ತಾರೆ. ಆಗ ಶುದ್ಧ ನೀರಿಗೆ ಹಸಿ ಬೋರ್ ನೀರು ಬೆರೆಯುತ್ತದೆ. ರುಚಿ ಬರುತ್ತದೆ, ಜೊತೆಗೆ ಫ್ಲೋರೈಡ್ ಕೂಡ ವಾಪಸ್ ಬರುತ್ತದೆ. ಬೋರ್‌ನಲ್ಲಿ ಫ್ಲೋರೈಡ್ 3 ಇದ್ದು ಅರ್ಧಕ್ಕರ್ಧ ಬೆರೆಸಿದರೆ 1.5 ಮುಟ್ಟಿತು. ಫ್ಲೋರೈಡ್ ಇರುವ ಊರಲ್ಲಿ ಆ ಸ್ಕ್ರೂ ಪೂರ್ತಿ ಮುಚ್ಚಿಸಿ. ಖನಿಜ ಬೇಕು ಅಂದರೆ ಮಿನರಲ್ ಕಾರ್ಟ್ರಿಡ್ಜ್ ಬೇರೆ ಬರುತ್ತದೆ.

ಚಳ್ಳಕೆರೆ ಮೇಷ್ಟ್ರು:

ಇದು ಗೊತ್ತೇ ಇರಲಿಲ್ಲ. ನಮ್ಮ ಘಟಕದಲ್ಲೂ ಹಾಗೆ ಬೆರೆಸುತ್ತಾರಾ ಅಂತ ಹೇಗೆ ತಿಳಿಯುವುದು?

ಆರ್‌ಒ ಸರ್ವಿಸ್, ದಾವಣಗೆರೆ:

ಇದಕ್ಕೆ ಮೀಟರ್ ಉಪಯೋಗಕ್ಕೆ ಬರುತ್ತದೆ ಮೇಷ್ಟ್ರೇ. ವಾರಕ್ಕೊಮ್ಮೆ ಬೋರ್ ನೀರು ಒಂದು ಸಲ, ನಲ್ಲಿಯಿಂದ ಬರುವ ನೀರು ಒಂದು ಸಲ ಅಳೆದು ಗೋಡೆ ಮೇಲೆ ಬರೆದಿಡಿ. ಒಳಗೆ 900, ಹೊರಗೆ 50 ಇದ್ದರೆ ಮೆಂಬ್ರೇನ್ (ಲವಣ ತಡೆಯುವ ಪೊರೆ) ಕೆಲಸ ಮಾಡುತ್ತಿದೆ. ಹೊರಗಿನದು 100, 200, 300 ಅಂತ ಏರುತ್ತಾ ಹೋದರೆ ಮೆಂಬ್ರೇನ್ ಹೋಗಿದೆ, ಇಲ್ಲವೇ ಬೆರೆಸುತ್ತಿದ್ದಾರೆ ಅಂತ ಅರ್ಥ. ಆಗ ತಕ್ಷಣ ಫ್ಲೋರೈಡ್ ಪರೀಕ್ಷೆ ಮಾಡಿಸಿ.

ಮಂಡಕ್ಕಿ ಭಟ್ಟಿ, ದಾವಣಗೆರೆ:

ನಮ್ಮದು ಮಂಡಕ್ಕಿ ಭಟ್ಟಿ. ಕಾದ ಮರಳಿಗೆ ಅಕ್ಕಿ ಸುರಿದು ಹುರಿಯುವ ಕೆಲಸ. ಒಲೆ ಮುಂದೆ ನಿಲ್ಲುವವರ ಬೆವರು ಹೇಳತೀರದು. ಅಂಗಿ ಮೈಮೇಲೇ ಒಣಗಿದಾಗ ಬೆನ್ನಿನ ಮೇಲೆ, ಕಂಕುಳ ಸುತ್ತ ಬಿಳಿ ಬಿಳಿ ಗೆರೆ ಬೀಳುತ್ತವೆ. ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ. ಅದು ಉಪ್ಪು.

ನಮ್ಮಲ್ಲಿ ಕುಡಿಯಲು ಕ್ಯಾನ್ ನೀರು. ಬೇಸಿಗೆಯಲ್ಲಿ ಎಲ್ಲರೂ ಚೊಂಬುಗಟ್ಟಲೆ ಕುಡಿಯುತ್ತಿದ್ದರು. ಆದರೂ ರಾತ್ರಿ ಮೀನಖಂಡ ಹಿಡಿದು ಎದ್ದು ಕೂರುವುದು, ತಲೆನೋವು, ಹೊಟ್ಟೆ ತೊಳಸುವುದು. ಎಲ್ಲರೂ ನೀರಿಗೇ ಬೈದರು. ನೀರು ಬದಲಿಸಲಿಲ್ಲ ನಾವು. ಮಧ್ಯಾಹ್ನಕ್ಕೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಉಪ್ಪು ಹಾಕಿದ ನೀರು ಮಜ್ಜಿಗೆ ಕೊಡಲು ಶುರು ಮಾಡಿದೆವು. ಜೀರಿಗೆ, ಶುಂಠಿ, ಕರಿಬೇವು ಹಾಕಿ ದೊಡ್ಡ ಪಾತ್ರೆಯಲ್ಲಿ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಲೆ ಮುಂದೆ ನಿಲ್ಲಬಾರದು ಅಂತ ಅವಲಕ್ಕಿಯನ್ನೋ ಮಂಡಕ್ಕಿಯನ್ನೋ ತಿನ್ನಿಸುತ್ತೇವೆ. ಮೀನಖಂಡದ ಕಾಟ ತುಂಬಾ ಕಡಿಮೆ ಆಗಿದೆ. ಹಿರಿಯೂರಿನ ಅಣ್ಣನವರು ಹೇಳಿದ ಕಸುವು ಇದೇ ಇರಬೇಕು ಅನಿಸುತ್ತದೆ.

ಸಿಸ್ಟರ್, ಹೊಳಲ್ಕೆರೆ:

ಭಟ್ಟಿಯವರು ಮಾಡಿದ್ದು ಸರಿಯಾಗಿದೆ. ಗಟ್ಟಿ ಕೆಲಸ, ಬಿಸಿ ಎರಡೂ ಸೇರಿದರೆ ಗಂಟೆಗೆ ಒಂದು ಲೀಟರ್ ತನಕ ಬೆವರು ಹೋಗಬಹುದು. ಆಗ ಬರೀ ನೀರನ್ನು ಅಳತೆ ಮೀರಿ ಕುಡಿದರೆ ರಕ್ತದ ಸೋಡಿಯಂ ಇಳಿಯುತ್ತದೆ. ತಲೆನೋವು, ವಾಕರಿಕೆ, ಗೊಂದಲ. ತೀರಾ ಜಾಸ್ತಿಯಾದರೆ ಫಿಟ್ಸ್ ಕೂಡ ಬರುತ್ತದೆ. ಬೋರ್ ನೀರು ಕುಡಿದರೂ ಹೀಗಾಗುತ್ತದೆ, ಆರ್‌ಒ ನೀರು ಕುಡಿದರೂ ಆಗುತ್ತದೆ.

ಆದರೆ ಬಿಪಿ ಇರುವವರು, ಹೃದಯದ ತೊಂದರೆ ಇರುವವರು ಉಪ್ಪಿನ ಮಜ್ಜಿಗೆ ಎಷ್ಟು ಅಂತ ಡಾಕ್ಟರ್ ಹತ್ತಿರ ಕೇಳಿ. ಎಳನೀರು ಒಳ್ಳೆಯದೇ. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಆದರೆ ಸೋಡಿಯಂ ಕಡಿಮೆ. ಕಿಡ್ನಿ ತೊಂದರೆ ಇರುವವರಿಗೆ ಆ ಪೊಟ್ಯಾಸಿಯಂ ಅಪಾಯ, ಕೇಳದೆ ಕುಡಿಯಬೇಡಿ.

ನಾನು ಹೇಳಲೇಬೇಕಾದದ್ದು ಇನ್ನೊಂದಿದೆ. ಇಲ್ಲಿ ಎಲ್ಲರೂ ಖನಿಜದ ಬಗ್ಗೆ ಮಾತಾಡುತ್ತಿದ್ದೀರಿ. ನೀರಿನ ಗುಣಮಟ್ಟದಿಂದ ಮೈಯ ನೀರು ಎಲ್ಲಕ್ಕಿಂತ ಬೇಗ ಹೋಗುವುದು ವಾಂತಿ ಭೇದಿಯಲ್ಲಿ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಏನಾಯಿತು ಅಂತ ನಮಗೆಲ್ಲ ನೆನಪಿದೆ. ಕಲುಷಿತ ನೀರು ಕುಡಿದು ಎಷ್ಟೋ ಜನ ಆಸ್ಪತ್ರೆ ಸೇರಿದರು, ಜೀವಗಳೇ ಹೋದವು. ಒಂದು ದೊಡ್ಡ ಭೇದಿ ಬಂದರೆ ಪುಟ್ಟ ಮಗುವಿನ ಕಣ್ಣು ಕೆಲವೇ ಗಂಟೆಯಲ್ಲಿ ಒಳಗೆ ಹೋಗುತ್ತದೆ.

ಆಗ ಓಆರ್‌ಎಸ್. ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಒಂದು ಲೀಟರ್‌ಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್. ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್‌ಗೆ ಹಾಕಬೇಕು. ಮಗು ಸಣ್ಣದು ಅಂತ ಅರ್ಧ ಪ್ಯಾಕೆಟ್ ಹಾಕುವುದು, ಸಿಹಿ ಇಲ್ಲ ಅಂತ ಸಕ್ಕರೆ ಸೇರಿಸುವುದು, ಎರಡೂ ತಪ್ಪು. ಸಕ್ಕರೆ ಜಾಸ್ತಿಯಾದರೆ ಭೇದಿ ಇನ್ನೂ ಹೆಚ್ಚುತ್ತದೆ. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಮಟ್ಟಸವಾಗಿ ಅಳೆದು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದಾಗ ಡಾ. ದಿಲೀಪ್ ಮಹಲನೋಬಿಸ್ ಅವರು ಡ್ರಿಪ್ ಬಾಟಲಿ ಮುಗಿದಾಗ ಇಷ್ಟು ಸರಳ ದ್ರಾವಣ ಕುಡಿಸಿಯೇ ಸಾವಿರಾರು ಜನರನ್ನು ಉಳಿಸಿದರು.

ಅಂಗಡಿಯಲ್ಲಿ ಓಆರ್‌ಎಸ್ ಅಂತ ಬರೆದ ಹಣ್ಣಿನ ರಸದ ಡಬ್ಬಿ ಮಾರುತ್ತಿದ್ದರು. ಈ ಅಳತೆಗೆ ಹೊಂದದ ಪಾನೀಯಕ್ಕೆ ಆ ಹೆಸರು ಹಾಕುವಂತಿಲ್ಲ ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿದೆ. ಹಳೇ ಸ್ಟಾಕ್ ಎಲ್ಲಾದರೂ ಇದ್ದರೆ ನೋಡಿ ತಗೊಳ್ಳಿ.

ಮೊಳಕಾಲ್ಮೂರು ನೇಕಾರ:

ನಾನು ಮಗ್ಗದ ಮೇಲೆ ಕೂರುವವನು. ಎರಡು ಸಲ ಕಿಡ್ನಿ ಕಲ್ಲು ಆಗಿದೆ. ಎಲ್ಲರೂ ಗಡಸು ನೀರಿನಿಂದ ಅಂತಾರೆ. ನಿಜಾನಾ ಸಿಸ್ಟರ್?

ಸಿಸ್ಟರ್, ಹೊಳಲ್ಕೆರೆ:

ಅಣ್ಣಾ, ಕಲ್ಲಿಗೆ ದೊಡ್ಡ ಕಾರಣ ನೀರು ಕಡಿಮೆ ಕುಡಿಯುವುದು. ಗಡಸು ನೀರಿನಿಂದಲೇ ಕಲ್ಲು ಅಂತ ಗಟ್ಟಿ ಪುರಾವೆ ಸಿಕ್ಕಿಲ್ಲ. ಊಟದ ಜೊತೆ ಕ್ಯಾಲ್ಸಿಯಂ ಇದ್ದರೆ ಅದು ಕಲ್ಲು ಕಟ್ಟುವ ಆಕ್ಸಲೇಟ್ ಅನ್ನುವ ಅಂಶವನ್ನು ಕರುಳಲ್ಲೇ ಹಿಡಿದು ಹೊರಗೆ ಹಾಕುತ್ತದೆ. ನೀವು ಮಗ್ಗದಿಂದ ಏಳಬೇಕಾಗುತ್ತದೆ ಅಂತ ನೀರು ಕುಡಿಯದೆ ಕೂರುತ್ತೀರಿ ಅಲ್ವಾ? ದಿನಕ್ಕೆ ಎರಡೂವರೆ ಲೀಟರ್ ಹತ್ತಿರ ಮೂತ್ರ ಹೋಗುವಷ್ಟು ಕುಡಿಯಬೇಕು. ಬಣ್ಣ ನೋಡಿ. ತಿಳಿ ಹಳದಿ ಇದ್ದರೆ ಸರಿ, ಗಾಢ ಹಳದಿ ಇದ್ದರೆ ಸಾಲದು. ನಿಮ್ಮೂರಲ್ಲಿ ಬೋರ್ ನೀರು ಪರೀಕ್ಷೆ ಮಾಡಿಸದೆ ಜಾಸ್ತಿ ಕುಡಿಯಬೇಡಿ. ಘಟಕದ ನೀರು ಕುಡಿಯಿರಿ.

ಹರಿಹರದ ಅಕ್ಕ:

ಕುಡಿಯಿರಿ ಅಂತ ಹೇಳುವುದು ಸುಲಭ. ನಾನು ಮಾರ್ಕೆಟ್‌ನಲ್ಲಿ ಸೊಪ್ಪು ಮಾರುವ ಹೆಂಗಸರನ್ನು ದಿನಾ ನೋಡುತ್ತೇನೆ. ಬೆಳಗ್ಗೆ ಬಂದರೆ ಸಂಜೆ ತನಕ ಒಂದು ಬಾಟಲಿ ನೀರು ಹಾಗೇ ಇರುತ್ತದೆ. ಬೇಕಂತಲೇ ಕುಡಿಯಲ್ಲ. ಹತ್ತಿರದಲ್ಲಿ ಹೋಗುವಂಥ ಟಾಯ್ಲೆಟ್ ಇಲ್ಲ. ಹೊಲದ ಕೂಲಿಗೆ ಹೋಗುವವರು, ಬಸ್ಸಿನ ಕಂಡಕ್ಟರ್ ಹೆಣ್ಣುಮಕ್ಕಳು, ಆಶಾ ಕಾರ್ಯಕರ್ತೆಯರು, ಎಲ್ಲರದ್ದೂ ಅದೇ ಪಾಡು. ಆಮೇಲೆ ಉರಿಮೂತ್ರ, ತಲೆಸುತ್ತು. ನೀರಿನ ಖನಿಜ ಸರಿಮಾಡಿದರೆ ಇವರ ದಾಹ ತೀರಲ್ಲ.

ಚಳ್ಳಕೆರೆ ಮೇಷ್ಟ್ರು:

ಅಕ್ಕಾ, ನೂರಕ್ಕೆ ನೂರು ನಿಜ. ನಮ್ಮ ಶಾಲೆಯಲ್ಲಿ ನೀರಿನ ಬೆಲ್ ಹೊಡೆಯುತ್ತೇವೆ. ಗಂಡುಮಕ್ಕಳು ಗಟಗಟ ಕುಡಿಯುತ್ತಾರೆ. ದೊಡ್ಡ ಹೆಣ್ಣುಮಕ್ಕಳು ಬಾಟಲಿ ಬಾಯಿಗಿಟ್ಟ ಹಾಗೆ ಮಾಡಿ ಇಳಿಸುತ್ತಾರೆ. ಶೌಚಾಲಯದ ಬಾಗಿಲಿನ ಚಿಲಕ ಮುರಿದಿತ್ತು. ಅದನ್ನು ಸರಿ ಮಾಡಿಸಿ, ಒಳಗೆ ನೀರು ಬರುವ ಹಾಗೆ ಮಾಡಿದ ಮೇಲೆ ಬದಲಾವಣೆ ಕಾಣುತ್ತಿದೆ.

ಹಿರಿಯೂರು ತೋಟ:

ಎಲ್ಲಾ ಓದಿದೆ. ಉಪ್ಪಿನ ಲೆಕ್ಕ ಒಪ್ಪುತ್ತೇನೆ. ಆದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲಾ ತೆಗೆದುಹಾಕಿದ ನೀರನ್ನು ಜೀವನಪೂರ್ತಿ ಕುಡಿದರೆ ಮೂಳೆಗೆ ಏನೂ ಆಗಲ್ವಾ? ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ನಮ್ಮ ಕಡೆ ಇನ್ನೊಂದು ನೋಡಿದ್ದೇನೆ. 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತಲ್ಲ, 1933ರ ನಂತರ ಮೊದಲ ಸಲ. ಅದಾದ ಮೇಲೆ ನಮ್ಮ ತೋಟದ ಬೋರ್‌ನಲ್ಲಿ ನೀರು ಮೇಲಕ್ಕೆ ಬಂತು, ಸವಳು ಕಡಿಮೆ ಆಯಿತು. ಮಳೆ ನೀರು ಇಂಗಿದರೆ ಭೂಮಿಯ ನೀರೂ ಒಳ್ಳೆಯದಾಗುತ್ತದೆ. ಎಲ್ಲದಕ್ಕೂ ಮೆಷಿನ್ನೇ ಉತ್ತರ ಅಲ್ಲ.

ನೀರಿನ ಲ್ಯಾಬ್, ಚಿತ್ರದುರ್ಗ:

ಅಣ್ಣಾ, ನಿಮ್ಮ ಎರಡೂ ಮಾತು ತೂಕದವು. ಮೂಳೆಯ ಪ್ರಶ್ನೆ ನ್ಯಾಯವಾದದ್ದು. ಗಡಸು ನೀರಿನ ಒಂದು ಲೀಟರ್‌ನಲ್ಲಿ 100 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಮೂರು ಲೀಟರ್‌ಗೆ 300. ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು. ಅಂದರೆ ಸುಮಾರು ಮೂರನೇ ಒಂದು ಪಾಲು ಬರುತ್ತಿದ್ದದ್ದು ಆರ್‌ಒ ಹಾಕಿದಾಗ ನಿಲ್ಲುತ್ತದೆ. ಅದನ್ನು ಊಟದಲ್ಲಿ ತುಂಬಬೇಕು. ನಮ್ಮ ಕಡೆ ಅದು ಕಷ್ಟ ಅಲ್ಲ. 100 ಗ್ರಾಂ ರಾಗಿ ಹಿಟ್ಟಿನಲ್ಲಿ 350 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ ಇದೆ, ಮೆಗ್ನೀಸಿಯಂ ಕೂಡ ಚೆನ್ನಾಗಿದೆ. ಒಂದು ಮುದ್ದೆ ತಿಂದರೆ ನೀರಿಂದ ಹೋದದ್ದು ಬಂತು. ಜೋಳದಲ್ಲಿ ಕ್ಯಾಲ್ಸಿಯಂ ಕಡಿಮೆ. ರೊಟ್ಟಿಯೇ ಮುಖ್ಯ ಊಟ ಇರುವ ಮನೆಯವರು ಮೊಸರು, ಎಳ್ಳಿನ ಚಟ್ನಿಪುಡಿ, ಸೊಪ್ಪು ಬಿಡಬಾರದು. ಊಟದಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಫ್ಲೋರೈಡ್ ಮೈಗೆ ಹತ್ತುವುದೂ ಕಡಿಮೆಯಾಗುತ್ತದೆ. ಫ್ಲೋರೈಡ್ ಊರಿನ ಬಡ ಮಕ್ಕಳಿಗೆ ಪೆಟ್ಟು ಜಾಸ್ತಿ ಬೀಳಲು ಊಟವೂ ಒಂದು ಕಾರಣ.

ಮಳೆ ನೀರಿನ ಬಗ್ಗೆ ನೀವು ಹೇಳಿದ್ದನ್ನು ನಾನು ಎಲ್ಲ ಕಡೆ ಹೇಳುತ್ತಿರುತ್ತೇನೆ. ದುರ್ಗದ ಕೋಟೆ ಹತ್ತಿದವರಿಗೆ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ ಗೊತ್ತು. ಬಂಡೆ ಮೇಲೆ ಬಿದ್ದ ಮಳೆ ಅಲ್ಲಿಗೆ ಇಳಿಯುವ ಹಾಗೆ ಮಾಡಿದ್ದಾರೆ. ಮಳೆ ನೀರಲ್ಲಿ ಖನಿಜ ಇಲ್ಲವೆನ್ನುವಷ್ಟು ಕಡಿಮೆ, ಆರ್‌ಒ ನೀರಿಗಿಂತ ಜಾಸ್ತಿ ಏನಿರಲ್ಲ. ಆ ನೀರಿನ ಆಸರೆಯಲ್ಲೇ ಕೋಟೆಯ ಜನ ಬದುಕಿದರು, ಯುದ್ಧವನ್ನೂ ಮಾಡಿದರು. ನೀರಲ್ಲಿ ಖನಿಜ ಇಲ್ಲದಿದ್ದರೆ ಕಸುವಿಲ್ಲ ಅನ್ನುವವರಿಗೆ ಇದಕ್ಕಿಂತ ಹತ್ತಿರದ ಉತ್ತರ ಬೇಡ. ಮನೆ ಸೂರಿನ ಮಳೆ ನೀರನ್ನು ಮೊದಲ ಮಳೆ ಬಿಟ್ಟು, ಸೋಸಿ, ಮುಚ್ಚಿದ ತೊಟ್ಟಿಯಲ್ಲಿ ಇಟ್ಟು, ಕುದಿಸಿ ಕುಡಿದರೆ ಫ್ಲೋರೈಡ್ ಚಿಂತೆಯೇ ಇಲ್ಲ.

ಜಗಳೂರು ಹುಡುಗ:

ಸರ್, ಅಡುಗೆಗೆ ಬೋರ್ ನೀರು ಬಳಸಬಹುದಾ? ಅಮ್ಮ ಕುಡಿಯೋಕೆ ಮಾತ್ರ ಕ್ಯಾನ್ ನೀರು ಇಡುತ್ತಾರೆ.

ನೀರಿನ ಲ್ಯಾಬ್, ಚಿತ್ರದುರ್ಗ:

ಬೇಡ. ಅನ್ನ ಹೀರಿಕೊಳ್ಳುವ ನೀರು, ಸಾರಿನ ನೀರು, ಟೀ ನೀರು, ಎಲ್ಲ ಹೊಟ್ಟೆಗೇ ಬರುತ್ತದೆ. ಟೀ ಎಲೆಯಲ್ಲಿ ಫ್ಲೋರೈಡ್ ತಾನಾಗೇ ಇರುತ್ತದೆ, ಅದರ ಮೇಲೆ ಇದೂ ಸೇರುತ್ತದೆ. ಅಡುಗೆಗೂ ಘಟಕದ ನೀರೇ ಇರಲಿ. ಬೋರ್ ನೀರು ಬಟ್ಟೆಗೆ, ಪಾತ್ರೆಗೆ, ಸ್ನಾನಕ್ಕೆ.

ದಾವಣಗೆರೆ ಗೃಹಿಣಿ:

ಫಿಲ್ಟರ್ ನೀರು ಸಪ್ಪೆ ಅನ್ನುವವರಿಗೆ ನನ್ನದೊಂದು ಸಲಹೆ. ಕ್ಯಾನಿಂದ ನೇರ ಕುಡಿಯಬೇಡಿ. ತೊಳೆದ ಮಣ್ಣಿನ ಮಡಕೆಗೆ ಹಾಕಿಡಿ, ಸೌಟಲ್ಲಿ ತೆಗೆದುಕೊಳ್ಳಿ, ಕೈ ಅದ್ದಬೇಡಿ. ತಣ್ಣಗಿದ್ದರೆ ತಾನಾಗೇ ಇನ್ನೊಂದು ಲೋಟ ಕುಡಿಯುತ್ತೇವೆ. ನಮ್ಮತ್ತೆ ಈಗ ಸಪ್ಪೆ ಅನ್ನುವುದೇ ಇಲ್ಲ.

ಚಳ್ಳಕೆರೆ ಮೇಷ್ಟ್ರು:

ಎಲ್ಲರಿಗೂ ಧನ್ಯವಾದ. ಈಗ ಮನೆಮನೆಗೆ ಹೋಗುವಾಗ ಏನು ಹೇಳಬೇಕು ಅಂತ ಗೊತ್ತಾಯಿತು. ನೀರು ಘಟಕದ್ದು, ಉಪ್ಪು ಮಜ್ಜಿಗೆಯದ್ದು, ಸತ್ವ ಮುದ್ದೆಯದ್ದು ಅಂತ ಹೇಳುತ್ತೇನೆ. ಎರಡು ಪ್ರಶ್ನೆ ಉಳಿದಿವೆ. ಆ ಹುಡುಗಿಯ ಹಲ್ಲು ಸರಿ ಹೋಗುತ್ತದಾ? ಅವಳಿಗೆ ಎರಡು ವರ್ಷದ ತಮ್ಮ ಇದ್ದಾನೆ. ಮತ್ತೆ, ಪರೀಕ್ಷೆಗೆ ನೀರು ಹೇಗೆ ತರಬೇಕು?

ಸಿಸ್ಟರ್, ಹೊಳಲ್ಕೆರೆ:

ಬಂದ ಮಚ್ಚೆ ನೀರು ಬದಲಿಸಿದರೆ ಹೋಗಲ್ಲ ಮೇಷ್ಟ್ರೇ. ಆದರೆ ದಂತ ವೈದ್ಯರು ಮೇಲೆ ಪದರ ಹಾಕಿ ಮುಚ್ಚಬಹುದು. ಚಿತ್ರದುರ್ಗ ಜಿಲ್ಲಾಸ್ಪತ್ರೆಯ ದಂತ ವಿಭಾಗಕ್ಕೆ ಒಮ್ಮೆ ಕರೆದುಕೊಂಡು ಬನ್ನಿ. ತಮ್ಮನ ಶಾಶ್ವತ ಹಲ್ಲುಗಳು ಈಗ ವಸಡಿನೊಳಗೆ ಬೆಳೆಯುತ್ತಿವೆ. ಎಂಟು ವರ್ಷದ ತನಕದ ನೀರು ಆ ಹಲ್ಲನ್ನು ನಿರ್ಧರಿಸುತ್ತದೆ. ಅವನ ಮನೆಗೆ ಮೊದಲು ಹೋಗಿ.

ನೀರಿನ ಲ್ಯಾಬ್, ಚಿತ್ರದುರ್ಗ:

ಒಂದು ಲೀಟರ್‌ನ ಪ್ಲಾಸ್ಟಿಕ್ ಬಾಟಲಿ ತನ್ನಿ. ಫ್ಲೋರೈಡ್ ಪರೀಕ್ಷೆಗೆ ಗಾಜಿಗಿಂತ ಪ್ಲಾಸ್ಟಿಕ್ಕೇ ಸರಿ. ಮೋಟರ್ ಆನ್ ಮಾಡಿ ಸ್ವಲ್ಪ ಹೊತ್ತು ನೀರು ಹರಿಯಲು ಬಿಡಿ. ಅದೇ ನೀರಿನಲ್ಲಿ ಬಾಟಲಿಯನ್ನು ಎರಡು ಮೂರು ಸಲ ಗಲಬರಿಸಿ ಚೆಲ್ಲಿ, ಆಮೇಲೆ ತುಂಬಿಸಿ. ಬೋರ್‌ದು ಒಂದು, ಘಟಕದ್ದು ಒಂದು, ಎರಡು ಬಾಟಲಿ ಬೇಕು. ಊರು, ಜಾಗ, ದಿನಾಂಕ ಬರೆದು ಅಂಟಿಸಿ. ರೋಗಾಣು ಪರೀಕ್ಷೆಗೆ ಬೇರೆ ಬಾಟಲಿ ಬೇಕಾಗುತ್ತದೆ. ಅದನ್ನು ಲ್ಯಾಬ್‌ನಿಂದಲೇ ತಗೊಂಡು ಹೋಗಿ, ತುಂಬಿಸಿದ ದಿನವೇ ಐಸ್ ಇಟ್ಟು ತಲುಪಿಸಬೇಕು. ಪಂಚಾಯಿತಿಯಲ್ಲಿ ಜಲ ಜೀವನ್ ಮಿಷನ್ ಕೊಟ್ಟ ಪರೀಕ್ಷಾ ಕಿಟ್ ಇದ್ದರೆ ಅದರಲ್ಲೂ ಫ್ಲೋರೈಡ್ ನೋಡಬಹುದು, ಬಣ್ಣ ನೋಡಿ ಅಂದಾಜು ಸಿಗುತ್ತದೆ. ಆದರೂ ಆ ಎರಡು ಬಾಟಲಿ ಕಳಿಸಿ. ಖಚಿತ ಅಂಕಿ ಕೈಯಲ್ಲಿದ್ದರೆ ಪಂಚಾಯಿತಿಯವರ ಹತ್ತಿರ ಮಾತಾಡುವುದು ಸುಲಭ.

ಚಳ್ಳಕೆರೆ ಮೇಷ್ಟ್ರು:

ಸೋಮವಾರ ಬೆಳಗ್ಗೆ ಮೊದಲ ಬಸ್ಸಿಗೆ ತರುತ್ತೇನೆ. ಅಂಕಿ ಬಂದ ಮೇಲೆ ಇಲ್ಲೇ ಹಾಕುತ್ತೇನೆ.